ಸುದೀಪನ ಹೆಸರಿಗೆ ಓಗೊಡುವವರು ಯಾರು?

ಉತ್ತರದ ಒಂದು ಗುಡ್ಡದೂರಿನ ಮಿಲಿಟರಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ನಾನು 2016ರಲ್ಲಿ ನಿವೃತ್ತಳಾಗಿ ಮಂಗಳೂರಿಗೆ ಮರಳಿದೆ. ಜೆಪ್ಪುವಿನಲ್ಲಿ ತಂಗಿಯ ಮನೆಯ ಮೇಲಿನ ಮಹಡಿ ಈಗ ನನ್ನದು. ಕಾಲೇಜು ಎಂಬುದು ಹೆಸರಿಗೆ ಮಾತ್ರ. ಹನ್ನೊಂದು ವರ್ಷಕ್ಕೆ ಸೇರಿದ ಹುಡುಗರು ಹದಿನೆಂಟಕ್ಕೆ ಹೊರಟು ಸೇನೆಯ ತರಬೇತಿಗೆ ಹೋಗುವ ವಸತಿ ಶಾಲೆ ಅದು. ಸಮವಸ್ತ್ರ ತೊಟ್ಟವರ ನಡುವೆ ನಾವು ಕೆಲವರು ಸಿವಿಲಿಯನ್ ಶಿಕ್ಷಕರು ಸೀರೆಯಲ್ಲೋ ಸ್ವೆಟರಿನಲ್ಲೋ ಓಡಾಡಿಕೊಂಡಿದ್ದೆವು.

ಅಲ್ಲೊಂದು ಪದ್ಧತಿ ಇತ್ತು. ವರ್ಷಕ್ಕೊಮ್ಮೆ, ಸ್ಮರಣೆಯ ದಿನ, ಯುದ್ಧದಲ್ಲಿ ಮಡಿದ ಹಳೆಯ ವಿದ್ಯಾರ್ಥಿಗಳ ಹೆಸರುಗಳನ್ನು ತರಗತಿಯ ಹಾಜರಿಯಂತೆ ಕೂಗುತ್ತಿದ್ದರು. ಇದಕ್ಕೆ ರೋಲ್ ಕಾಲ್ ಎಂದೇ ಹೆಸರು. ಹೆಸರು ಬಂದಾಗ ಆತನ ಕೋರ್ಸ್‌ಮೇಟ್, ಎಂದರೆ ಅದೇ ವರ್ಷ ಸೇರಿ ಒಟ್ಟಿಗೆ ಬೆಳೆದವನು, ಅಟೆನ್ಷನ್‌ನಲ್ಲಿ ನಿಂತು ‘ಹಾಜರ್’ ಎನ್ನಬೇಕು. ಅಂಥವರು ಯಾರೂ ಇಲ್ಲದಿದ್ದರೆ ಇಡೀ ಸಭೆ ಹೇಳುತ್ತದೆ. ಉತ್ತರವಿಲ್ಲದೆ ಒಂದು ಹೆಸರೂ ಉಳಿಯಕೂಡದು. ಕೂಗುವವರು ಮಾತ್ರ ಸೇನಾಧಿಕಾರಿಗಳಲ್ಲ, ಶಿಕ್ಷಕರು. ಬದುಕಿದ್ದಾಗ ಹಾಜರಿ ಕರೆದವರೇ ಆಮೇಲೂ ಕರೆಯಲಿ ಎಂದು ಯಾರೋ ಹಿಂದಿನವರು ನಿಶ್ಚಯಿಸಿದ್ದಿರಬೇಕು. ಹಲವು ವರ್ಷ ಆ ಕೆಲಸ ನನ್ನದಾಗಿತ್ತು. ನನಗೆ ಅದು ವಿಚಿತ್ರವೆನಿಸಿರಲೇ ಇಲ್ಲ. ನಾನು ಮಂಗಳೂರಿನ ಕ್ಯಾಥೊಲಿಕ್ ಮನೆಯವಳು. ನವೆಂಬರ್ ಬಂತೆಂದರೆ ಇಗರ್ಜಿಯಲ್ಲಿ ನಮ್ಮ ಸತ್ತವರ ಹೆಸರು ಓದುತ್ತಾರೆ, ಅಪ್ಪನ ಹೆಸರು ಕಿವಿಗೆ ಬಿದ್ದರೆ ನಮಗೆ ಸಮಾಧಾನ. ಹೆಸರು ಗಟ್ಟಿಯಾಗಿ ಕೇಳಿಸುವುದು ಎಲ್ಲ ಮನೆಗಳಿಗೂ ಸಮಾಧಾನವೇ ಎಂದು ನಾನು ಎಣಿಸಿದ್ದು ಅಲ್ಲಿಂದ.

2022ರಲ್ಲಿ ಕರಾವಳಿಯ ಹಳೆಯ ವಿದ್ಯಾರ್ಥಿಗಳು ಮಂಗಳೂರಿನಲ್ಲೇ ಮೊದಲ ಬಾರಿಗೆ ಸ್ಮರಣೆಯ ದಿನ ನಡೆಸಲು ಹೊರಟರು. ಮುಂದಾಳು ಕರ್ನಲ್ ಅಶೋಕ, ತೊಕ್ಕೊಟ್ಟಿನವನು, ಅವಧಿಗೆ ಮುನ್ನ ನಿವೃತ್ತಿ ಪಡೆದವನು, ನನ್ನ ಶಿಷ್ಯ. ಈ ಭಾಗದಿಂದ ಹೋಗಿ ಮಡಿದವರು ನಾಲ್ವರು. ಮೂವರು ಹಳೆಯ ಯುದ್ಧಗಳವರು, ಅವರ ಮನೆಯವರು ಯಾರೂ ಈಗ ಊರಲ್ಲಿಲ್ಲ. ನಾಲ್ಕನೆಯವನು ಕ್ಯಾಪ್ಟನ್ ಸುದೀಪ, ಕಾರ್ಗಿಲ್ ಯುದ್ಧದಲ್ಲಿ ತೀರಿಕೊಂಡವನು, ಅಶೋಕನ ಕೋರ್ಸ್‌ಮೇಟ್. ಸುದೀಪನ ತಾಯಿ ಕಲ್ಯಾಣಿಯಕ್ಕ ಕಾಟಿಪಳ್ಳದಲ್ಲಿ ಮಗಳ ಸಂಸಾರದೊಂದಿಗೆ ಇದ್ದಾರೆ. ಅವರನ್ನು ಕರೆಯಲು ನಾನೂ ಅಶೋಕನೂ ಒಂದು ಭಾನುವಾರ ಬೆಳಿಗ್ಗೆ ಹೋದೆವು.

ಸಭೆಯಲ್ಲಿ ಹೆಸರು ಕರೆಯುವುದರ ಜೊತೆಗೆ ಸುದೀಪನ ಬಗ್ಗೆ ಎರಡು ಮಾತು ಆಡುವುದೂ ನನ್ನ ಪಾಲಿಗಿತ್ತು. ನನ್ನ ಮನಸ್ಸಿನಲ್ಲಿ ಒಂದು ಚಿತ್ರ ಇತ್ತು: ಲೈಬ್ರರಿಯ ಕಿಟಕಿಯ ಬಳಿ ಅಟ್ಲಾಸ್ ಹರಡಿಕೊಂಡು ಕೂತ ತೆಳ್ಳನೆಯ ಹುಡುಗ. ಅದನ್ನೇ ಕಲ್ಯಾಣಿಯಕ್ಕನಿಗೆ ಹೇಳಿದೆ. ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

“ಅವನಿಗೆ ಎಂತ ಅಟ್ಲಾಸ್ ಮಾರಾಯ್ರೆ! ರಜೆಯಲ್ಲಿ ಬಂದವ ಹಂಪನಕಟ್ಟೆಯಲ್ಲಿ ತಪ್ಪು ಬಸ್ಸು ಹತ್ತಿ ತೊಕ್ಕೊಟ್ಟಿಗೆ ಹೋಗಿ ಇಳಿದಿದ್ದಾನೆ. ಉತ್ತರಕ್ಕೆ ಬರುವ ಹುಡುಗ ದಕ್ಷಿಣಕ್ಕೆ! ಇವನ ಮನೆಯಲ್ಲಿ ಊಟ ಮಾಡಿ ಸಂಜೆಗೆ ಬಂದ.”

“ಎರಡು ಸಲ ಹಾಗೆ ಬಂದಿದ್ದಾನೆ ಅಮ್ಮ,” ಎಂದ ಅಶೋಕ. “ಎರಡನೇ ಸಲ ಬೇಕೆಂತಲೇ. ನಮ್ಮಲ್ಲಿ ಕೋಳಿ ಸಾರು ಇತ್ತು.”

“ನೀನೆಂತ ಕಡಿಮೆಯಾ? ಕರ್ನಲ್ ಅಂತೆ! ನನ್ನ ಅಡುಗೆ ಕೋಣೆಗೆ ನುಗ್ಗಿ ಕಾವಲಿಯಿಂದಲೇ ನೀರುದೋಸೆ ತೆಗೆದು ತಿಂದವ.”

ಅಟ್ಲಾಸಿನ ಹುಡುಗ ಬೇರೆ ಯಾರೋ. ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ವರ್ಷವರ್ಷವೂ ಸುದೀಪನ ಹೆಸರು ಕೂಗುವಾಗ ನಾನು ಬೇರೊಬ್ಬನ ಮುಖ ನೋಡುತ್ತಿದ್ದೆ. ಇದನ್ನು ಬರೆಯುವಾಗಲೂ ಉಳಿದ ಹೆಸರುಗಳಿಗೆ ನಾನು ಕಂಡ ಮುಖಗಳಾದರೂ ಸರಿಯೇ ಎನ್ನಲು ನನಗೆ ಧೈರ್ಯ ಸಾಲದು.

ಮಾತು ಹಗುರವಾಗಿತ್ತು, ಕಲ್ಯಾಣಿಯಕ್ಕ ಬರಲು ಒಪ್ಪಿದ್ದರು, ಯಾವ ಸೀರೆ ಉಡುವುದೆಂದು ಮಗಳನ್ನು ಕೇಳಿಯೂ ಆಗಿತ್ತು. ಆಗ ಅಶೋಕ ರೋಲ್ ಕಾಲ್ ವಿವರಿಸಿದ. ಕೊನೆಗೆ ಸುದೀಪನ ಹೆಸರು ಕರೆಯುತ್ತಾರೆ, ತಾನು ಎದ್ದು ಹಾಜರ್ ಎನ್ನುತ್ತೇನೆ ಎಂದ. ಅವರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

“ಅವನನ್ನು ಕರೆಯುವುದಾ? ಹೆಸರು ಹಿಡಿದು?”

“ಹೌದಮ್ಮ.”

“ಅದು ಬೇಡ.”

ಅಶೋಕ ನನ್ನ ಕಡೆ ನೋಡಿದ. ನಾನು ಏನೋ ಹೇಳಹೊರಟೆ. ಅವರು ತಡೆದರು.

“ಟೀಚರ್, ನಿಮ್ಮಲ್ಲಿ ಹೇಗೋ ಗೊತ್ತಿಲ್ಲ. ನಮ್ಮಲ್ಲಿ ಬೊಜ್ಜದ ದಿನ, ಉತ್ತರಕ್ರಿಯೆಯ ದಿನ, ಉಲಾಯಿ ಲೆಪ್ಪುನಿ ಅಂತ ಉಂಟು. ಸತ್ತವರನ್ನು ಹೆಸರು ಹಿಡಿದು ಮನೆಯೊಳಗೆ ಕರೆಯುವುದು. ಹೊರಗೆ ಅಲೆಯಬೇಡ, ಹಿರಿಯರ ಒಟ್ಟಿಗೆ ಸೇರು ಅಂತ. ನನಗೆ ಸ್ವರವೇ ಬರಲಿಲ್ಲ, ನನ್ನ ತಮ್ಮ ಕರೆದ. ಅಷ್ಟು ದೂರ, ಆ ಹಿಮದಿಂದ ಬರಬೇಕಲ್ಲ ಅವ. ಬಂದ. ಈಗ ಒಳಗೆ ಇದ್ದಾನೆ. ದೀಪಾವಳಿಗೆ ಹಿರಿಯರಿಗೆ ಬಡಿಸುವಾಗ ಅವನಿಗೂ ಎಲೆ ಹಾಕ್ತೇನೆ. ನೀವು ಪೇಟೆಯಲ್ಲಿ ಹಾಲ್ ಮಾಡಿ, ಮೈಕ್ ಹಿಡಿದು ಕರೆದರೆ? ಅವ ಕರೆದಲ್ಲಿಗೆ ಹೋಗುವ ಜನ. ಹಾಗೆ ಹೋದದ್ದೇ ಅಲ್ವಾ?”

ಅವರು ಲೋಟ ಕೆಳಗಿಟ್ಟು, “ನಾನು ಬರುವುದಿಲ್ಲ. ಅವನ ಹೆಸರನ್ನೂ ಬಿಟ್ಟುಬಿಡಿ,” ಎಂದರು.

ವಾಪಸು ಬರುವಾಗ ಕಾರಿನಲ್ಲಿ ಪಣಂಬೂರು ದಾಟಿದೆವು. ಆಗ ಅಶೋಕ, “ಅವನನ್ನು ಬಿಟ್ಟು ರೋಲ್ ಕಾಲ್ ಮಾಡುವುದಾದರೆ ನಾನಿಲ್ಲ ಮೇಡಂ,” ಎಂದ. “ಎಲ್ಲಿ ಪೋಸ್ಟಿಂಗ್ ಇದ್ದರೂ ಆ ದಿನ ಒಬ್ಬನೇ ಅವನಿಗೆ ಹಾಜರ್ ಹೇಳಿದ್ದೇನೆ. ಒಮ್ಮೆ ಬಂಕರಿನಲ್ಲಿ, ಒಮ್ಮೆ ಆಸ್ಪತ್ರೆಯ ಹಾಸಿಗೆಯಲ್ಲಿ. ಅಮ್ಮನಿಗೆ ಇದೆಲ್ಲ ಹೇಗೆ ಹೇಳುವುದು?”

ನನಗೆ ಆಗ ಹೊಳೆದದ್ದು ಇದು: ಅವರಿಗೆ ಹೇಳದ ಇನ್ನೂ ದೊಡ್ಡ ಸಂಗತಿ ನನ್ನಲ್ಲಿದೆ. ಅವರು ಯಾವುದಕ್ಕೆ ಹೆದರುತ್ತಿದ್ದಾರೋ ಅದನ್ನು ನಾನು ವರ್ಷಗಟ್ಟಲೆ ಮಾಡಿದ್ದೇನೆ. ಗುಡ್ಡದೂರಿನ ಆ ಸಭಾಂಗಣದಲ್ಲಿ ನಿಂತು ಅವರ ಮಗನನ್ನು ಹೆಸರು ಹಿಡಿದು ಕರೆದಿದ್ದೇನೆ.

ಹೇಳಬೇಕೇ, ಬೇಡವೇ? ಕರೆದರೆ ಸತ್ತವರು ಬರುತ್ತಾರೆಂದು ನಂಬುವವಳು ನಾನಲ್ಲ, ಹಾಗಾಗಿ ಹೇಳುವ ಅಗತ್ಯವಿಲ್ಲ ಎಂದು ಒಂದು ವಾದ ಸಿದ್ಧವಾಗಿತ್ತು. ಹೆಸರು ಬಿಟ್ಟು ಸಭೆ ಮುಗಿಸಿದರೆ ಅವರ ನೆಮ್ಮದಿ ಕೆಡುವುದಿಲ್ಲ. ಆದರೆ ನನಗೆ ಗೊತ್ತಿರುವುದನ್ನು ಮುಚ್ಚಿಟ್ಟು ಅವರ ನೆಮ್ಮದಿಯನ್ನು ನಾನು ಕಾಯುವುದು ಸರಿ ಕಾಣಲಿಲ್ಲ. ಮೂವತ್ತು ವರ್ಷ ಹುಡುಗರಿಗೆ ಆಧಾರವಿಲ್ಲದೆ ಬರೆಯಬೇಡಿ, ಇದ್ದುದನ್ನು ಮರೆಮಾಚಬೇಡಿ ಎಂದವಳು ನಾನು. ಹೇಳಿದರೆ ಅವರ ನಿದ್ದೆ ಹೋಗಬಹುದೆಂಬ ಭಯವೂ ನಿಜವೇ. ಎರಡು ದಿನ ಒದ್ದಾಡಿ ಮೂರನೆಯ ದಿನ ಒಬ್ಬಳೇ ಬಸ್ಸು ಹಿಡಿದು ಕಾಟಿಪಳ್ಳಕ್ಕೆ ಹೋದೆ.

ಕಲ್ಯಾಣಿಯಕ್ಕ ಅಂಗಳದ ಬದಿಯಲ್ಲಿ ಬಸಳೆಯ ಚಪ್ಪರ ಸರಿ ಮಾಡುತ್ತಿದ್ದರು. ನಾನು ನಿಂತೇ ಹೇಳಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

“ಎಷ್ಟು ವರ್ಷ ಕರೆದಿದ್ದೀರಿ?”

“ಅವನು ಹೋದ ಮುಂದಿನ ವರ್ಷದಿಂದ, ನಾನು ನಿವೃತ್ತಳಾಗುವವರೆಗೆ.”

“ಜೋರಾಗಿ?”

“ಹಿಂದಿನ ಸಾಲಿಗೂ ಕೇಳುವಂತೆ.”

“ಉತ್ತರ ಯಾರು ಹೇಳಿದ್ದು?”

“ಅವನ ಒಟ್ಟಿಗೆ ಓದಿದವರು. ಕಾಲೇಜಿಗೆ ಬರಲಾಗದ ವರ್ಷ ಅಶೋಕ ತಾನು ಇದ್ದಲ್ಲೇ ಹೇಳಿದ್ದಾನಂತೆ.”

ಅವರು ಬಳ್ಳಿಯನ್ನು ಕಂಬಕ್ಕೆ ಕಟ್ಟುವುದನ್ನು ಮುಗಿಸಿದರು. ಆಮೇಲೆ ಚಾವಡಿಯ ಮೆಟ್ಟಿಲಲ್ಲಿ ಕೂತರು. ಆ ಕ್ಷಣ ಅವರ ಮುಖ ಹೇಗಿತ್ತೆಂದು ಬರೆಯಬೇಕೆನಿಸುತ್ತದೆ. ಅದೇ ದಿನದ ಡೈರಿಯಲ್ಲಿ ‘ನಕ್ಕರು’ ಎಂದಿದೆ. ನೆನಪು ಕಣ್ಣೊರೆಸಿಕೊಂಡರು ಎನ್ನುತ್ತದೆ. ಯಾವುದು ಸರಿಯೋ. ಮಾತು ಮಾತ್ರ ಚೆನ್ನಾಗಿ ನೆನಪಿದೆ.

“ಹಾಗಾದರೆ ಅಷ್ಟು ಕರೆದರೂ ಅವ ಹೋಗಲಿಲ್ಲ.”

ನಾನೂ ಮೆಟ್ಟಿಲಲ್ಲಿ ಅವರ ಪಕ್ಕ ಕೂತೆ.

“ಹೋಗಲಿಲ್ಲ ಟೀಚರ್. ನನಗೆ ಗೊತ್ತಾಗ್ತದೆ. ಪ್ರತಿ ದೀಪಾವಳಿಗೂ ಇಲ್ಲೇ ಇದ್ದ. ಇಷ್ಟು ಸಣ್ಣವನಿದ್ದಾಗಿನಿಂದ ಕರೆದ ಕೂಡಲೇ ಓಡುತ್ತಿದ್ದವ, ಒಂದು ಸಲವಾದರೂ ಅಮ್ಮನ ಹತ್ತಿರ ಕೂತ.” ಮೆಟ್ಟಿಲಿಂದ ಎದ್ದು, “ನೀವು ಬಂದು ಹೇಳಿದ್ದು ಒಳ್ಳೆಯದಾಯ್ತು. ಅಲ್ಲದಿದ್ದರೆ ನಾನು ಹೆದರಿಕೊಂಡೇ ಇರ್ತಿದ್ದೆ,” ಎಂದರು.

ಬಸ್ ನಿಲ್ದಾಣದವರೆಗೆ ಜೊತೆಗೆ ಬಂದರು. ಬಸ್ಸು ಕಾಣಿಸಿದಾಗ, “ಹೆಸರು ಕರೆಯಿರಿ. ಆದರೆ ಅವ ಅಲ್ಲಿ ಹಾಜರು ಅಂತ ಬೇರೆ ಯಾರೂ ಹೇಳುವುದು ಬೇಡ. ನಾನು ಬರ್ತೇನೆ, ನಾನೇ ಹೇಳ್ತೇನೆ,” ಎಂದರು.

“ಎಂತ ಹೇಳ್ತೀರಿ?”

“ಅದು ನನಗೂ ಅವನಿಗೂ ಇರುವ ವಿಷಯ. ನೀವು ಕರೆಯುವ ಕೆಲಸ ಮಾಡಿ.”

ಅಶೋಕನಿಗೆ ತಿಳಿಸಿದಾಗ ಆತ ಕೂಡಲೇ ಒಪ್ಪಲಿಲ್ಲ. ಕೋರ್ಸ್‌ಮೇಟ್ ಇರುವಾಗ ಬೇರೆಯವರು ಉತ್ತರಿಸಿದ ಉದಾಹರಣೆಯೇ ಇಲ್ಲ ಎಂದ. ‘ಬೇರೆಯವರು’ ಎಂಬ ಮಾತು ಬಾಯಿಂದ ಬಿದ್ದ ಮೇಲೆ ತಾನೇ ನಾಚಿಕೊಂಡ. “ಆಯ್ತು ಮೇಡಂ. ಅಮ್ಮ ಹೇಳಲಿ,” ಎಂದ.

ಸಭೆ ನಗರದ ಒಂದು ಸಣ್ಣ ಹಾಲ್‌ನಲ್ಲಿ ನಡೆಯಿತು. ಕಲ್ಯಾಣಿಯಕ್ಕ ಮಗಳೊಂದಿಗೆ ಮೊದಲ ಸಾಲಿನಲ್ಲಿ ಕೂತಿದ್ದರು. ಸುದೀಪನ ಬಗ್ಗೆ ನಾನು ಹೆಚ್ಚು ಹೇಳಲಿಲ್ಲ. ತರಗತಿಯ ಆ ಹುಡುಗ ನನಗೆ ಸರಿಯಾಗಿ ನೆನಪಿಲ್ಲ, ಕ್ಷಮಿಸಿ ಎಂದೆ. ಅವನ ತಾಯಿಯಿಂದ ಕೇಳಿದ್ದನ್ನು ಅವರ ಒಪ್ಪಿಗೆ ಪಡೆದು ಹೇಳಿದೆ. ಮೈಕ್ ಬದಿಗಿಟ್ಟು ರೋಲ್ ಕಾಲ್ ಶುರು ಮಾಡಿದೆ. ಮೊದಲ ಮೂರು ಹೆಸರುಗಳಿಗೆ ಸಭೆ ಒಟ್ಟಾಗಿ ಹಾಜರ್ ಎಂದಿತು.

ನಾಲ್ಕನೆಯ ಹೆಸರು ಕರೆದೆ. ಇಷ್ಟು ವರ್ಷ ಕರೆದ ಹೆಸರೇ. ಆದರೆ ಅದನ್ನು ಇಟ್ಟವರು ಎದುರಿಗಿರುವಾಗ ಕರೆದದ್ದು ಅದೇ ಮೊದಲು. ಕಲ್ಯಾಣಿಯಕ್ಕ ಎದ್ದರು. ಅವರ ಹಿಂದೆ ಅಶೋಕನೂ ಎದ್ದು ಅಟೆನ್ಷನ್‌ನಲ್ಲಿ ನಿಂತ, ತುಟಿ ಬಿಗಿದುಕೊಂಡು.

“ಆಯೆ ಇಲ್ಲಡೇ ಉಲ್ಲೆ,” ಎಂದರು ಅವರು. ಅವನು ಮನೆಯಲ್ಲೇ ಇದ್ದಾನೆ.

ದೂರು ಇರಲಿಲ್ಲ, ಅಳುವೂ ಇರಲಿಲ್ಲ. ಮಗನನ್ನು ಹುಡುಕಿಕೊಂಡು ಬಂದ ಗೆಳೆಯರಿಗೆ ಬಾಗಿಲಲ್ಲಿ ನಿಂತು ಹೇಳುವ ಸ್ವರ. ಹೇಳಿ ಕೂತರು. ತುಳು ಬಾರದವರೂ ಅಲ್ಲಿದ್ದರು. ಅರ್ಥ ಹೇಳಿ ಎಂದು ಯಾರೂ ಕೇಳಲಿಲ್ಲ.

ಹಾಜರಿ ಕರೆಯುವುದು ಶಿಕ್ಷಕರ ಕೆಲಸಗಳಲ್ಲಿ ತೀರ ಸಣ್ಣದು, ಯಾರೂ ಅದನ್ನು ಕಲಿಸಿಕೊಡುವುದಿಲ್ಲ. ಹೆಸರು ಕರೆದರೆ ನಮಗೆ ಬೇಕಾದ ಉತ್ತರ ಬರುತ್ತದೆಂದು ಇಡೀ ವೃತ್ತಿಯ ಉದ್ದಕ್ಕೂ ನಂಬಿಕೊಂಡಿದ್ದೆ. ಮಡಿದವರ ವಿಷಯದಲ್ಲಂತೂ ಆ ಉತ್ತರವನ್ನು ನಾವೇ ಬರೆದಿಟ್ಟಿದ್ದೆವು. ಕರೆಯುವವಳ ಪಾಲಿಗೆ ಬರುವುದು ಹೆಸರು ಮಾತ್ರ. ಅದನ್ನು ಸ್ಪಷ್ಟವಾಗಿ ಕರೆದು, ಬಾಯಿ ಮುಚ್ಚಿ, ಬಂದ ಉತ್ತರವನ್ನು ತಿದ್ದದೆ ಕೇಳಿಸಿಕೊಳ್ಳಬೇಕು. ಇದನ್ನು ನಾನು ಕಲಿತದ್ದು ನಿವೃತ್ತಳಾದ ಮೇಲೆ.