ಚಂದ್ರು ಹಾಕಿದ್ದ ಪಿನ್ನು

ಚಂದ್ರು, ಅವತ್ತು ನೀನು ಬಾನೆಟ್ಟಿಗೆ ಪಿನ್ ಹಾಕಿದ್ದೆ. ಎರಡೂ ಹಾಕಿದ್ದೆ. ಆಮೇಲೆ ಅವನ್ನು ಕಿತ್ತವಳು ನಾನು.

ಇಷ್ಟು ಬರೆಯುವುದಕ್ಕೆ ನನಗೆ ಹತ್ತು ವರ್ಷಕ್ಕೂ ಮೇಲೆ ಬೇಕಾಯಿತು. ಪೀಣ್ಯದ ನಮ್ಮ ರಸ್ತೆಯಲ್ಲಿ ಬಾಯಿ ಜೋರಿನ ಹೆಂಗಸು ಎಂದು ಹೆಸರಾದವಳು ನಾನು. ನಮ್ಮ ಫೈಬರ್ ಶೆಡ್ಡಿಗೆ ರೆಸಿನ್ ಡ್ರಮ್ಮು ಸ್ವಲ್ಪ ಸೋರಿಕೊಂಡು ಬಂದರೂ ಆಚೆ ಶೆಡ್ಡಿನವರಿಗೆಲ್ಲ ಕೇಳುವಂತೆ ಕೂಗಾಡುವವಳು. ಸ್ವಂತ ತಮ್ಮನ ಮುಂದೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಈಗ ಯಾಕೆ ಎಂದು ಕೇಳುತ್ತೀಯ. ಹೋದ ಭಾನುವಾರ ನಿನ್ನ ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ ಚೈತ್ರಾ ಬಂದು, "ಅಪ್ಪಾ, ಎಲ್‌ಎಲ್‌ಆರ್ ಬಂತು, ಡ್ರೈವಿಂಗ್ ನೀನೇ ಕಲಿಸ್ಕೊಡು" ಎಂದಳಲ್ಲ. ನೀನು ನಕ್ಕೆ. "ನನ್ ಹತ್ರ ಬೇಡಮ್ಮ. ನಾನು ಮರೆಯೋನು. ಸ್ಕೂಲಿಗೆ ಸೇರ್ಕೋ" ಎಂದೆ. ಮಗಳೂ ನಕ್ಕಳು, ಅಡುಗೆಮನೆಯಿಂದ ಲತಾಳೂ ನಕ್ಕಳು. ನಿಮ್ಮ ಮನೆಯಲ್ಲಿ ಅದು ಹಳೆಯ ತಮಾಷೆ. ನಾನು ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟೆ. ಆ ತಮಾಷೆಯನ್ನು ಆ ಮನೆಗೆ ತಂದಿಟ್ಟವಳು ನಾನು — ಎದ್ದು ಬಂದುಬಿಟ್ಟೆ, ಬಸ್ಸಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿ.

ಆ ಕಾರಿನ ಕತೆ ನಿನಗೆ ಗೊತ್ತು. ಆದರೆ ಅರ್ಧ ಮಾತ್ರ ಗೊತ್ತು, ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ಮಾದನಾಯಕನಹಳ್ಳಿಯ ಗೋಡೌನೊಂದರ ಹಿಂದೆ ಧೂಳು ತಿನ್ನುತ್ತಾ ನಿಂತಿದ್ದ ಆ ಸಣ್ಣ ಕಾರನ್ನು ನೀನು ಎಳೆಸಿಕೊಂಡು ಬಂದಾಗ ಅಪ್ಪ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಇದನ್ನ ಗುಜರಿಗೆ ಹಾಕೋಕೆ ತಂದ್ಯಾ, ಓಡ್ಸೋಕೆ ತಂದ್ಯಾ?" ಎಂದಿದ್ದರು. ವಾರವೆಲ್ಲ ಫ್ಯಾಕ್ಟರಿಯಲ್ಲಿ ಮೆಷಿನ್ ಸೆಟ್ ಮಾಡುವ ನೀನು, ಭಾನುವಾರ ಬಂತೆಂದರೆ ನಮ್ಮ ಶೆಡ್ಡಿನಲ್ಲಿ ಆ ಕಾರಿನ ಅಡಿ. ಸೀಟು ಕಿತ್ತೆ, ಕಾರ್ಪೆಟ್ ಕಿತ್ತೆ, ಹಿಂದಿನ ಗಾಜು ತೆಗೆದು ಪ್ಲಾಸ್ಟಿಕ್ ಹಾಳೆ ಕೂರಿಸಿದೆ. ಹಗುರವಾಗಬೇಕು, ಇನ್ನೂ ಹಗುರವಾಗಬೇಕು — ಅದೊಂದೇ ಜಪ. ಊರಿನ ರಸ್ತೆಗಲ್ಲ, ಗಡಿಯಾಚೆ ತಮಿಳುನಾಡಿನ ಕಡೆ ಇದ್ದ ರೇಸ್ ಟ್ರ್ಯಾಕಿನಲ್ಲಿ ಓಡಿಸುವುದಕ್ಕೆ. ರಸ್ತೆಯಲ್ಲಿ ನೀನು ಯಾವತ್ತೂ ಹುಚ್ಚುಚ್ಚಾಗಿ ಓಡಿಸಿದವನಲ್ಲ. ಅದನ್ನೂ ಇಲ್ಲಿ ಹೇಳಿಬಿಡಬೇಕು.

ಅಪ್ಪನ ಫೈಬರ್ ಶೆಡ್ಡಿನಲ್ಲಿ ಆಗ ನಾವು ಮಾಡುತ್ತಿದ್ದದ್ದು ನೀರಿನ ಟ್ಯಾಂಕಿನ ಮುಚ್ಚಳ, ಸೈಟುಗಳಲ್ಲಿ ಇಡುವ ಕಕ್ಕಸಿನ ಬಾಗಿಲು. "ಕಕ್ಕಸಿನ ಬಾಗಿಲು ಮಾಡೋ ನಮ್ಮಕ್ಕ ನಂಗೆ ರೇಸ್ ಕಾರ್ ಬಾನೆಟ್ ಮಾಡ್ಕೊಡ್ತಾಳೆ" ಎಂದು ನೀನು ಪೇಂಟರ್ ಇಮ್ತಿಯಾಜ್ ಮುಂದೆ ರೇಗಿಸಿದೆ. ನನಗೆ ರೋಷ ಬಂತು. ಮಾಡಿಯೇ ತೋರಿಸುತ್ತೇನೆ ಎಂದು ಕೂತೆ. ಚಕ್ರದ ಮೇಲಿನ ಅಗಲದ ರೆಕ್ಕೆ ಮಾಡಿದೆ. ಮೊದಲನೆಯದು ಅರ್ಧ ಬೆಂದಾಗಲೇ ಎಬ್ಬಿಸಿದ ದೋಸೆಯ ಹಾಗೆ ಬಂತು, ಎರಡನೆಯದು ಕೂತಿತು. ಮುಂದಿನ ಬಂಪರಿನ ಅಡಿಗೆ ಯಾವುದೋ ಮೊಬೈಲ್ ಅಂಗಡಿಯ ಹಳೆಯ ಬೋರ್ಡಿನ ಶೀಟು ಕತ್ತರಿಸಿ ಗಾಳಿ ತಡೆಯುವ ತುಟಿ ಮಾಡಿದೆವು. ಕಾರಿನ ಕೆಳಗೆ ಬಗ್ಗಿ ನೋಡಿದರೆ 'ರೀಚಾರ್ಜ್' ಎಂಬ ಅಕ್ಷರ ಕಾಣುತ್ತಿತ್ತು, ನೆನಪಿದೆಯಾ? ಆ ದಿನಗಳಲ್ಲಿ ನಾವು ತುಂಬಾ ನಕ್ಕೆವು.

ಕೊನೆಗೆ ಬಾನೆಟ್. ಕಬ್ಬಿಣದ ಹಳೇ ಬಾನೆಟ್ಟಿಗೆ ಮೇಣ ಸವರಿ ಅದರ ಮೇಲೆ ಅಚ್ಚು ತೆಗೆದು, ಆ ಅಚ್ಚಿನೊಳಗೆ ಪದರ ಪದರವಾಗಿ ಫೈಬರ್ ಬಟ್ಟೆ ಹಾಸಿ ರೆಸಿನ್ ಹಚ್ಚಿ ಹೊಸದನ್ನು ಮಾಡಿದೆ. ಹೊರಗೆ ತೆಗೆದಾಗ ನೀನು ಅದನ್ನು ಒಂದೇ ಕೈಯಲ್ಲಿ ತಲೆಯ ಮೇಲೆತ್ತಿಕೊಂಡು ಶೆಡ್ಡೆಲ್ಲ ಸುತ್ತಿದೆ.

ಮುಂಭಾಗದಲ್ಲಿ ಎರಡು ತೂತು. ಕಾರಿನ ಮೂತಿಯಿಂದ ಎರಡು ಗೂಟ ಆ ತೂತುಗಳಲ್ಲಿ ಮೇಲೆ ಬರಬೇಕು, ಗೂಟಕ್ಕೆ ಅಡ್ಡಲಾಗಿ ಪಿನ್ ಚುಚ್ಚಬೇಕು. ಆ ತೂತಿನ ಸುತ್ತ, ಪದರಗಳ ನಡುವೆ, ಒಂದು ಕಬ್ಬಿಣದ ತಗಡು ಇರಬೇಕು. ಇಲ್ಲದಿದ್ದರೆ ಗಾಳಿ ಒಳನುಗ್ಗಿ ಬಾನೆಟ್ ಮೇಲಕ್ಕೆ ಎಳೆದಾಗ ಬರಿಯ ಫೈಬರ್ ಹರಿದುಹೋಗುತ್ತದೆ. ಇದು ನನಗೆ ಗೊತ್ತಿತ್ತು ಚಂದ್ರು. ಟ್ಯಾಂಕಿನ ಮುಚ್ಚಳದ ಕೀಲಿಗೂ ಅಪ್ಪ ತಗಡು ಹಾಕದೆ ಬಿಟ್ಟವರಲ್ಲ. ಆದರೆ ಆ ದಿನ ಸೆಕೆ, ಮಗ್ಗಿನಲ್ಲಿ ರೆಸಿನ್ ಗಟ್ಟಿಯಾಗುತ್ತಿತ್ತು, ತಗಡು ಇನ್ನೂ ಕತ್ತರಿಸಿರಲಿಲ್ಲ. ಆಮೇಲೆ ಅಡಿಯಿಂದ ಅಂಟಿಸಿದರಾಯಿತು ಎಂದುಕೊಂಡೆ.

ಆಮೇಲೆ — ಇಮ್ತಿಯಾಜ್ ಬಣ್ಣ ಹೊಡೆದ. ಬಾನೆಟ್ ಕನ್ನಡಿಯಂತಾಯಿತು. ಅಕ್ಕಪಕ್ಕದ ಶೆಡ್ಡಿನವರು ಟೀ ಲೋಟ ಹಿಡಿದುಕೊಂಡೇ ನೋಡಲು ಬಂದರು. ಯಾರೋ, "ಯಾರ್ ಗುರು ಮಾಡಿದ್ದು? ಸಕ್ಕತ್ತಾಗೈತೆ" ಎಂದರೆ ನೀನು ನನ್ನ ಕಡೆ ಬೆರಳು ತೋರಿಸಿ, "ನಮ್ಮಕ್ಕ" ಎಂದೆ. ಅಷ್ಟೇ. ಅಲ್ಲಿಯವರೆಗೆ ನಾನು ಮಾಡಿದ ಯಾವ ವಸ್ತುವನ್ನೂ ಯಾರೂ ಎರಡನೇ ಸಲ ತಿರುಗಿ ನೋಡಿರಲಿಲ್ಲ. ಕಕ್ಕಸಿನ ಬಾಗಿಲನ್ನು ಯಾರು ತಾನೇ ನೋಡುತ್ತಾರೆ? ಈಗ ಅದರ ಅಡಿಯನ್ನು ಉಜ್ಜಿ, ತಗಡು ಇಟ್ಟು, ಕ್ಲಾಂಪು ಬಿಗಿದರೆ ಮೇಲಿನ ಬಣ್ಣ ಬಿರಿಯಬಹುದು. ತಗಡು ಹಾಕದೆ ಬಿಟ್ಟೆ ಎಂದು ಎಲ್ಲರ ಮುಂದೆ ಒಪ್ಪಿಕೊಳ್ಳಬೇಕಾಗುತ್ತದೆ. ಇವತ್ತು, ನಾಳೆ ಎಂದು ಮುಂದೂಡಿದೆ.

ಆಯುಧಪೂಜೆಯ ದಿನ ಬಂತು. ಮರುದಿನ ಬೆಳಿಗ್ಗೆ ಟ್ರ್ಯಾಕಿಗೆ ಹೊರಡಬೇಕು. ಗ್ರೈಂಡರು, ಡ್ರಿಲ್ಲು, ಕತ್ತರಿ, ಸ್ಪ್ಯಾನರು ಎಲ್ಲವನ್ನೂ ತೊಳೆದು ಸಾಲಾಗಿಟ್ಟು ಅಪ್ಪ ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂ ಮುಡಿಸಿದ್ದರು. ನಿನ್ನ ಕಾರಿಗೂ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದದ್ದಾಯಿತು. ನಾನು ಬಾನೆಟ್ಟಿಗೆ ಅರಿಸಿನ ಹಚ್ಚುತ್ತಿದ್ದೆ. ತೂತಿನ ಹತ್ತಿರ ಬೆರಳು ಒತ್ತಿದಾಗ ಬಣ್ಣದಲ್ಲಿ ಕೂದಲೆಳೆಯಂಥ ಬಿಳಿ ಗೆರೆಗಳು ಕಂಡವು. ಎರಡೂ ತೂತಿನ ಸುತ್ತ. ಪಿನ್ ಹಾಕಿ ಪೀಣ್ಯದ ಒಳರಸ್ತೆಗಳಲ್ಲಿ ಎರಡು ಸುತ್ತು ಹೊಡೆದದ್ದಕ್ಕೇ ಫೈಬರ್ ಬಿಡತೊಡಗಿತ್ತು. 

ತಗಡು ಕತ್ತರಿಸಬೇಕೆಂದರೆ ಗ್ರೈಂಡರ್ ಬೇಕು. ಪೂಜೆಗೆ ಇಟ್ಟ ಆಯುಧವನ್ನು ಮರುದಿನ ಬೆಳಿಗ್ಗೆ ಕದಲಿಸುವವರೆಗೆ ಮುಟ್ಟುವಂತಿಲ್ಲ. ಅಪ್ಪನ ಶೆಡ್ಡಿನಲ್ಲಿ ಅದು ಮುರಿಯದ ಕಟ್ಟಳೆ. ಪುಟ್ಟಿ ಹಚ್ಚುವುದಕ್ಕೆ ಆಯುಧ ಬೇಕಿಲ್ಲ, ಬೆರಳು ಸಾಕು. ಬಿಳಿ ಗೆರೆಗಳ ಮೇಲೆ ತೆಳ್ಳಗೆ ಪುಟ್ಟಿ ಸವರಿ, ಇಮ್ತಿಯಾಜ್ ಬಿಟ್ಟುಹೋಗಿದ್ದ ಡಬ್ಬಿಯಿಂದ ಬಣ್ಣ ತಾಗಿಸಿದೆ. ಅದರ ಮೇಲೆಯೇ ಕುಂಕುಮ ಇಟ್ಟೆ.

ಇಲ್ಲಿಯವರೆಗೆ ಓದಿದರೆ ತಪ್ಪೆಲ್ಲ ಆಯುಧಪೂಜೆಯದ್ದು ಎನ್ನುವ ಹಾಗಿದೆ. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದೂ ಅದನ್ನೇ. ಆದರೆ ಅದು ಸುಳ್ಳು. "ಅಪ್ಪಾ, ಚಂದ್ರು ಜೀವದ ವಿಷ್ಯ, ಗ್ರೈಂಡರ್ ಕೊಡಿ" ಎಂದು ಕೇಳಿದ್ದರೆ ಅಪ್ಪ ಗೊಣಗಿಕೊಂಡು, ಇನ್ನೊಂದು ಕರ್ಪೂರ ಹಚ್ಚಿ, ತಾವೇ ಎತ್ತಿಕೊಡುತ್ತಿದ್ದರು. ಅದೂ ಬೇಡ. ಹಳೇ ಕಬ್ಬಿಣದ ಬಾನೆಟ್ ಶೆಡ್ಡಿನ ಗೋಡೆಗೆ ಒರಗಿ ನಿಂತಿತ್ತು, ಅದಕ್ಕೂ ಅಪ್ಪ ಕುಂಕುಮ ಇಟ್ಟಿದ್ದರು. ಬೆಳಿಗ್ಗೆ ಹೊರಡುವ ಮುಂಚೆ "ಇವತ್ತು ಅದನ್ನೇ ಹಾಕ್ಕೊಂಡು ಹೋಗೋ" ಎಂದಿದ್ದರೆ ಮುಗಿಯುತ್ತಿತ್ತು. ಯಾಕೆ ಎಂದು ನೀನು ಕೇಳುತ್ತಿದ್ದೆ. ಉತ್ತರ ಹೇಳಬೇಕಾಗುತ್ತಿತ್ತು. ನಾನು ಮಾಡಿದ ಬಾನೆಟ್ಟನ್ನು ಅಲ್ಲಿ ನಾಲ್ಕು ಜನ ನೋಡಲಿ ಎಂಬ ಆಸೆ — ಅದೊಂದೇ ನನ್ನ ಬಾಯಿ ಕಟ್ಟಿದ್ದು.

ಟ್ರ್ಯಾಕಿಗೆ ಇಮ್ತಿಯಾಜನೂ ನಮ್ಮ ಜೊತೆ ಬಂದಿದ್ದ. ಅಲ್ಲಿ ನೀನು ಹೊರಡುವಾಗ ನಾನು ಕಾರಿನ ಹಿಂದೆ ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಿದ್ದೆ. ಓಡಿಸುವವನೇ ಪಿನ್ ಹಾಕಬೇಕು, ಹಾಕಿದ ಮೇಲೆ ಬಾನೆಟ್ಟನ್ನು ಎರಡು ಸಲ ತಟ್ಟಬೇಕು — ಅದು ನೀನೇ ಮಾಡಿಕೊಂಡ ನಿಯಮ. ಎರಡು ಸಲ ತಟ್ಟಿದ ಸದ್ದು ನಾನು ಕಿವಿಯಾರೆ ಕೇಳಿದೆ. 

ನೇರ ದಾರಿಯಲ್ಲಿ ಬಾನೆಟ್ ಎದ್ದು ಗಾಜಿಗೆ ಬಡಿದು ನಿಂತದ್ದು ದೂರದಿಂದ ಕಂಡಿತು. ನಿನಗೆ ಮುಂದೇನೂ ಕಾಣಿಸಿರಲಾರದು. ಕಾರು ದಾರಿ ಬಿಟ್ಟು ಟಯರಿನ ಗೋಡೆಗೆ ನುಗ್ಗಿತು. ನಿನ್ನನ್ನು ಎಳೆದು ತೆಗೆದಾಗ ಎಡಗೈ ಇರಬಾರದ ಕಡೆಗೆ ತಿರುಗಿತ್ತು. ಆಂಬುಲೆನ್ಸಿಗೆ ಹತ್ತಿಸುತ್ತಿದ್ದರು. ನೀನು "ಅಕ್ಕ" ಎಂದೆ. ನಾನು ಏನು ಮಾಡಿದೆ ಗೊತ್ತಾ? "ಇಮ್ತಿಯಾಜ್, ನೀನು ಹೋಗು ಅವ್ನ ಜೊತೆ. ಗಾಡಿ ಹತ್ರ ನಾನಿರ್ತೀನಿ" ಎಂದೆ. 

ಎಂಥ ಧೈರ್ಯದ ಹೆಂಗಸು ಎಂದು ಆಮೇಲೆ ಎಲ್ಲರೂ ಹೊಗಳಿದರು. ಕಾರಿನ ಜೊತೆ ಒಬ್ಬಳೇ ಇರಬೇಕಿತ್ತು ನನಗೆ, ಅಷ್ಟೇ.

ಬಾನೆಟ್ಟಿನ ಮುಂಭಾಗ ಚೂರುಚೂರಾಗಿತ್ತು, ತೂತು ಎಲ್ಲಿತ್ತೆಂದೂ ತಿಳಿಯುವಂತಿರಲಿಲ್ಲ. ಆದರೆ ಗೂಟಗಳು ನೆಟ್ಟಗೆ ನಿಂತಿದ್ದವು. ಎರಡರಲ್ಲೂ ನೀನು ಚುಚ್ಚಿದ ಪಿನ್ ಹಾಗೆಯೇ ಇತ್ತು. ಪಿನ್ನಿನ ಕೆಳಗೆ ಹರಿದ ಫೈಬರ್ ಬಳೆಯಂತೆ ಗೂಟಕ್ಕೆ ಕಚ್ಚಿಕೊಂಡಿತ್ತು. ನೋಡಿದವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು — ಓಡಿಸಿದವನು ಪಿನ್ ಹಾಕಿದ್ದಾನೆ, ಮಾಡಿದವಳು ತಗಡು ಹಾಕಿಲ್ಲ. ಪಿನ್ನುಗಳನ್ನು ಎಳೆದು ತೆಗೆದೆ. ಕಳೆದುಹೋಗದಿರಲೆಂದು ಕಾರಿಗೆ ಕಟ್ಟಿದ್ದ ಸರಿಗೆಯಲ್ಲಿ ಅವು ಸುಮ್ಮನೆ ನೇತಾಡಿದವು. ಹರಿದ ಫೈಬರನ್ನು ಬರಿಗೈಯಲ್ಲಿ ಕಿತ್ತು ದೂರ ಎಸೆದೆ. ಅದರ ಸಿಬಿರುಗಳು ಬಹಳ ದಿನ ಬೆರಳಿನಲ್ಲಿ ಚುಚ್ಚುತ್ತಿದ್ದವು. ಟ್ರ್ಯಾಕಿನವನೊಬ್ಬ ಬಂದು ಗೂಟ ನೋಡಿ, ತಮಿಳಿನಲ್ಲಿ ಏನೋ ಹೇಳಿ ತಲೆಯಾಡಿಸಿದ. ಪಿನ್ ಎಂಬ ಮಾತು ಅರ್ಥವಾಯಿತು. ನಾನು ಹೂಂಗುಟ್ಟಿದೆ.

ಆಸ್ಪತ್ರೆಯಲ್ಲಿ ನೀನು ಕಣ್ಣು ಬಿಟ್ಟು ಮೊದಲು ಕೇಳಿದ್ದು ಕೈಯ ವಿಷಯವಲ್ಲ.

"ಹಾಕಿದ್ನಾ ಅಕ್ಕ? ಪಿನ್ನು? ತಟ್ಟಿದ್ ಜ್ಞಾಪಕ ಐತೆ. ಹಾಕ್ದಂಗೇ ಐತೆ ನಂಗೆ..."

"ಇಲ್ಲ ಕಣೋ. ಮರ್ತಿದ್ದೆ. ಹೋಗ್ಲಿ ಬಿಡು."

ಹೋಗ್ಲಿ ಬಿಡು ಎಂದೆ — ನಿನ್ನನ್ನು ಕ್ಷಮಿಸುವವಳ ಹಾಗೆ! ನಿನ್ನ ತಲೆಗೂದಲು ಬೇರೆ ಸವರಿದೆ. ಇಡೀ ಕತೆಯಲ್ಲಿ ನನಗೆ ಅತ್ಯಂತ ಅಸಹ್ಯವಾಗುವುದು ಆ ಸವರಿದ ಕೈ.

ಆಮೇಲಿನದು ನೀನು ಬದುಕಿದ್ದೇ. ಮೊಣಕೈ ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. "ಒಂದ್ ಪಿನ್ ಹಾಕಕ್ಕಾಗಲ್ವೇನೋ ನಿಂಗೆ?" ಎಂದು ಅಪ್ಪ ಸಾಯುವವರೆಗೂ ನಿನ್ನನ್ನು ಗದರಿದರು, ನಾನು ಪಕ್ಕದಲ್ಲೇ ರೆಸಿನ್ ಕಲಸುತ್ತಿದ್ದೆ. ಅಪ್ಪನಿಗೆ ಹೇಳುವ ದಾರಿ ಈಗ ಇಲ್ಲ. ಇಮ್ತಿಯಾಜ್ ನಿನಗೆ 'ಪಿನ್ ಚಂದ್ರು' ಎಂದು ಹೆಸರಿಟ್ಟ, ನೀನು ಹೆಲ್ಮೆಟ್ ಹಾಕಿಕೊಂಡರೂ, "ಪಿನ್ ಹಾಕ್ದಾ ಮಗಾ?" ಎನ್ನುತ್ತಿದ್ದ. ನೀನೂ ನಗುತ್ತಿದ್ದೆ. ಕಾರು ಮಾರಿದೆ, ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ. ಫ್ಯಾಕ್ಟರಿಯಲ್ಲಿ ನೀನಾಗಿಯೇ ಹೋಗಿ, "ಮೆಷಿನ್ ಮೇಲೆ ಬೇಡ ಸಾರ್, ನಾನೇನಾದ್ರೂ ಮರ್ತ್ರೆ ಬೇರೆಯೋರ ಕೈ ಹೋಗುತ್ತೆ" ಎಂದು ಹೇಳಿ ಸ್ಟೋರಿಗೆ ವರ್ಗ ಮಾಡಿಸಿಕೊಂಡೆಯಂತೆ. ಲತಾ ಹೇಳಿದಳು. ರಾತ್ರಿ ಗ್ಯಾಸ್ ಆಫ್ ಮಾಡಿ ಮಲಗಿದವನು ಮತ್ತೆ ಮತ್ತೆ ಎದ್ದು ಹೋಗಿ ನೋಡುತ್ತೀಯಂತೆ. ಮುರಿದ ಕೈಯನ್ನು ಡಾಕ್ಟರು ಕೂಡಿಸಿದರು. ನಿನ್ನ ಮೇಲೆ ನಿನಗಿದ್ದ ನಂಬಿಕೆಯನ್ನು ಮುರಿದವಳು ನಾನು, ಅದನ್ನು ಕೂಡಿಸಲು ಯಾರೂ ಬರಲಿಲ್ಲ. ನಾನೊಬ್ಬಳೇ ಮಾಡಬಹುದಾಗಿದ್ದ ಕೆಲಸ ಅದು, ಮಾಡಲಿಲ್ಲ.

ಮೊನ್ನೆ ಕೆಲಸ ಮುಗಿಸಿ ಶೆಡ್ಡಿಗೆ ಬಂದಿದ್ದೆಯಲ್ಲ. ಹೊರಡುವಾಗ ಶಟರ್ ಎಳೆದು ಬೀಗ ಹಾಕಿದವನು ನೀನೇ. ರಸ್ತೆಯ ತಿರುವಿನವರೆಗೆ ನನ್ನ ಜೊತೆ ನಡೆದವನು ನಿಂತುಬಿಟ್ಟೆ.

"ಹಾಕಿದ್ನಾ ಅಕ್ಕ?"

ಅದೇ ಮಾತು, ಅದೇ ಮುಖ. ಆಸ್ಪತ್ರೆಯ ಮಂಚದ ಮೇಲೆ ಕಂಡ ಮುಖ.

"ಹಾಕಿದ್ದೀಯ ಕಣೋ" ಎಂದೆ.

ತಕ್ಷಣ ನಿನ್ನ ಮುಖ ಸಡಿಲವಾಯಿತು. ವಾಪಸ್ಸು ಹೋಗಿ ನೋಡಲೂ ಇಲ್ಲ. ಅಕ್ಕ ಹೇಳಿದಳು, ಸಾಕು. ಅವತ್ತೂ ಹೀಗೇ ನಂಬಿದೆ. ನಿನ್ನ ಕಣ್ಣು, ನಿನ್ನ ಕೈ, ನಿನ್ನ ನೆನಪು ಮೂರೂ ಬೇರೆ ಹೇಳುತ್ತಿದ್ದಾಗ ಅವನ್ನೆಲ್ಲ ಪಕ್ಕಕ್ಕಿಟ್ಟು ನನ್ನೊಬ್ಬಳ ಮಾತು ನಂಬಿದೆ.

ಈ ಭಾನುವಾರ ಎಲ್ಲರನ್ನೂ ಊಟಕ್ಕೆ ಕರೆದಿದ್ದೇನೆ. ಲತಾ, ಚೈತ್ರಾ ಇರುತ್ತಾರೆ, ಇಮ್ತಿಯಾಜ್ ಬರುತ್ತಾನೆ. ಎಲ್ಲರ ಮುಂದೆ ನಿನ್ನ ಹೆಸರು ಕೆಡಿಸಿದೆ, ಎಲ್ಲರ ಮುಂದೆಯೇ ಹೇಳಬೇಕು. ಬಾಯಿ ಬಿಟ್ಟು ಹೇಳುವಾಗ ಅರ್ಧಕ್ಕೆ ತಪ್ಪಿಸಿಕೊಳ್ಳಬಾರದು, ಪೂಜೆಯ ನೆಪ ಎಳೆದು ತರಬಾರದು, ಅದಕ್ಕಾಗಿ ಮೊದಲೇ ಬರೆದಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ. "ಹೋಗ್ಲಿ ಬಿಡು ಅಕ್ಕ" ಎಂದು ನೀನು ಅಂದುಬಿಡುವವನು, ದಯವಿಟ್ಟು ಹಾಗನ್ನಬೇಡ. ನಾಳೆಯಿಂದ ಶೆಡ್ಡಿಗೆ ಬರುವುದಿಲ್ಲ ಎಂದರೂ ಸರಿ. ಚೈತ್ರಾಳಿಗೆ ಡ್ರೈವಿಂಗ್ ಕಲಿಸು ಎಂದು ಹೇಳುವ ಮುಖವೂ ನನಗಿಲ್ಲ.

ಒಂದು ಮಾತು ಮಾತ್ರ. ಇನ್ನು ಮೇಲೆ ಬೀಗದ ಬಗ್ಗೆ ನನ್ನನ್ನು ಕೇಳಬೇಡ ಚಂದ್ರು. ನೀನು ಹಾಕಿರುತ್ತೀಯ.