ದೋರನಹಳ್ಳಿಯ ರಕ್ತ, ಬಾರದ ರಿಪೋರ್ಟು

ಎಂಬತ್ತರ ದಶಕದ ಕೊನೆಯ ವರ್ಷಗಳು. ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ನಾನು ಶಹಾಪುರದ ಸರಕಾರಿ ಆಸ್ಪತ್ರೆಯಲ್ಲಿ ಮೆಡಿಕಲ್ ಆಫೀಸರ್, ಜನರ ಬಾಯಲ್ಲಿ ಡಾಕ್ಟರ್ ಬಾಯಾರು. ಕಾಲುವೆಗೆ ನೀರು ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾಗುತ್ತಿದ್ದವು. ನೋಡಲು ಎಷ್ಟು ಚೆಂದವಿತ್ತು ಆ ಹಸಿರು! ಆದರೆ ನೀರಿನ ಹಿಂದೆಯೇ ಸೊಳ್ಳೆ ಬಂತು, ಚಳಿಜ್ವರ ಬಂತು. ನಮ್ಮ ಆಸ್ಪತ್ರೆಯ ಮೈಕ್ರೋಸ್ಕೋಪಿನ ಲೆನ್ಸಿಗೆ ಬೂಷ್ಟು ಹಿಡಿದಿತ್ತು. ಹೊಸದು ಬೇಕೆಂದು ಬರೆದು ಬರೆದು ಸಾಕಾಗಿತ್ತು.

ಆಗ ದೊಡ್ಡ ಊರಿನಿಂದ ಒಂದು ರಿಸರ್ಚ್ ಟೀಮ್ ಬಂತು. ಕಾಲುವೆ ಮತ್ತು ಮಲೇರಿಯಾ ಅವರ ಸಬ್ಜೆಕ್ಟು. ತಾವು ತಂದ ಹೊಳೆಯುವ ಮೈಕ್ರೋಸ್ಕೋಪನ್ನು ತಾವು ಇಳಿದುಕೊಂಡ ಸರಕಾರಿ ಬಂಗಲೆ ಐ.ಬಿ.ಯ ಕೋಣೆಯಲ್ಲಿಟ್ಟು ಬೀಗ ಹಾಕಿದರು. ಹತ್ತಿರದ ದೋರನಹಳ್ಳಿಯ ಮನೆಮನೆಯಲ್ಲಿ ಬೆರಳು ಚುಚ್ಚಿ, ಗಾಜಿನ ಸ್ಲೈಡುಗಳ ಮೇಲೆ ರಕ್ತ ಸವರಿಕೊಂಡು ಹೋದರು. ತಿಂಗಳುಗಳು ಕಳೆದರೂ ಒಂದೇ ಒಂದು ರಿಪೋರ್ಟ್ ಬರಲಿಲ್ಲ.

ಎರಡನೆಯ ಸಲ ಬಂದಾಗ ಊರು ಬಾಗಿಲು ಹಾಕಿಕೊಂಡಿತು. ಟೀಮಿನ ಮುಖ್ಯಸ್ಥರು ನನ್ನ ಕೋಣೆಗೆ ಬಂದರು.

"ಇಗ್ನೊರೆಂಟ್ ಪೀಪಲ್, ಡಾಕ್ಟರ್. ನೀವು ಸ್ವಲ್ಪ ಎಕ್ಸ್‌ಪ್ಲೇನ್ ಮಾಡಿ."

ಹೋದೆ. ಭತ್ತದ ನಾಟಿಗೆ ಕೂಲಿ ಹೋಗುವ ಯಲ್ಲಮ್ಮನ ಮನೆ. ಅವಳ ಮಗಳು ಶರಣಮ್ಮ ಮಟಮಟ ಮಧ್ಯಾಹ್ನ ಕೌದಿ ಹೊದ್ದು ನಡುಗುತ್ತಿದ್ದಳು.

"ಗುಳಿಗಿ ಕೊಟ್ರ ಜ್ವರ ಬಿಡತಾವ, ಮತ್ತ ಬರತಾವ," ಎಂದಳು ಯಲ್ಲಮ್ಮ. "ಬಾಯಾರ, ಬಾಜು ಮನಿಯಾಕಿ ಡಬ್ಬ್ಯಾಗ ಪಲ್ಯ ಕೊಟ್ಟಳಂದ್ರ ಆ ಡಬ್ಬಿ ನಾವು ಖಾಲಿ ಕಳಸಂಗಿಲ್ಲ. ಏನಿಲ್ಲಂದ್ರ ಒಂದು ಚಿಟಿಕಿ ಸಕ್ರಿ ಹಾಕ್ತೀವಿ. ಇವರು ನನ್ನ ಮಗಳ ರಕ್ತ ಒಯ್ದಾರ. ಏನು ಹಾಕಿ ಕಳಿಸ್ಯಾರ?"

"ಬೆರಳು ಒರಸ್ಕೊಳ್ಳಾಕ ಹತ್ತಿ ಕೊಟ್ಟಾರಲ್ಲ ಬೇ," ಎಂದಳು ಪಕ್ಕದ ಮನೆಯವಳು. ಓಣಿಯೆಲ್ಲ ನಕ್ಕಿತು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ವರ್ಷಗಟ್ಟಲೆ ಕಲಿಸಿದ ಮ್ಯಾನರ್ಸ್ ಇವಳ ಒಂದು ಡಬ್ಬಿಯಲ್ಲಿತ್ತು.

ಬಿಟ್ಟು ಬಿಟ್ಟು ಬರುವ ಮಲೇರಿಯಾ ಒಂದಿದೆ, ವೈವ್ಯಾಕ್ಸ್ ಎಂದು. ಅದರ ರೋಗಾಣು ಲಿವರಿನಲ್ಲಿ ಅಡಗಿ ಕೂರುತ್ತದೆ. ಸಾಮಾನ್ಯ ಗುಳಿಗೆಗೆ ಸಿಗುವುದಿಲ್ಲ, ಪ್ರಿಮಾಕ್ವಿನ್ ಬೇಕು. ಅದನ್ನು ಕೊಡಬೇಕಾದರೆ ರಕ್ತದಲ್ಲಿ ಯಾವ ರೋಗಾಣು ಎಂದು ಮೊದಲು ತಿಳಿಯಬೇಕು. ಶರಣಮ್ಮನ ಉತ್ತರ ಆ ಟೀಮಿನ ಪೆಟ್ಟಿಗೆಯಲ್ಲಿ ತಿಂಗಳುಗಳಿಂದ ಬಿದ್ದಿತ್ತು.

ನೇರ ಐ.ಬಿ.ಗೆ ಹೋಗಿ ಅವಳ ರಿಪೋರ್ಟ್ ಕೇಳಿದೆ.

"ಸ್ಲೈಡ್ ಮೇಲೆ ಹೆಸರಿರಲ್ಲ, ನಂಬರ್ ಅಷ್ಟೇ. ಆ ಕೋಡ್ ಬ್ರೇಕ್ ಮಾಡೋ ಹಾಗಿಲ್ಲ," ಎಂದರು ಮುಖ್ಯಸ್ಥರು, ಚಹಾ ಹೀರುತ್ತ. "ಪೇಪರ್ ಪಬ್ಲಿಷ್ ಆದಮೇಲೆ ಎಲ್ಲಾ ತಿಳಿಯುತ್ತೆ."

ನನ್ನ ಕಾನ್ವೆಂಟ್ ಇಂಗ್ಲಿಷ್ ಅಂದು ನನ್ನನ್ನು ಬಿಟ್ಟು ಓಡಿತು. "ಆ ಹುಡಿಗಿ ನಿಮ್ಮ ಪೇಪರ್ ಓದಂಗಿಲ್ರಿ ಸರ್. ಬೀಗ ತಗೀರಿ. ಆಕಿ ರಕ್ತ ನಾ ಇಲ್ಲೇ ನೋಡ್ತೀನಿ. ಇಲ್ಲಂದ್ರ ದೋರನಹಳ್ಳ್ಯಾಗ ಒಂದು ಬಾಗಿಲಾ ಸೈತ ನಾ ತಗಸಂಗಿಲ್ಲ."

ಅವರಿಗೆ ಎರಡನೆಯ ಸ್ಯಾಂಪಲ್ ಬೇಕಿತ್ತು. ಬೀಗ ತೆಗೆದರು. ಶರಣಮ್ಮನ ಬೆರಳು ಚುಚ್ಚಿ ತೆಗೆದ ಹೊಸ ಸ್ಲೈಡಿಗೆ ಬಣ್ಣ ಹಾಕಿ, ಒಣಗಿಸಿ, ಲೆನ್ಸಿನಡಿ ಇಟ್ಟೆ. ವೈವ್ಯಾಕ್ಸೇ. ರಕ್ತ ದೂರದ ಊರಿಗೆ ಹೋಗುವ ಅಗತ್ಯವೇ ಇರದಿದ್ದ ಕೆಲಸ, ಒಂದು ಗಂಟೆಯೊಳಗೆ ಮುಗಿಯಿತು. ಹುಡುಗಿ ಪ್ರಿಮಾಕ್ವಿನ್ ನುಂಗಿದಳು, ಜ್ವರ ಮತ್ತೆ ಬರಲಿಲ್ಲ.

ರಿಪೋರ್ಟೂ ಗುಳಿಗೆಯೂ ಅಂದೇ ಕೈಗೆ ಬಂದದ್ದನ್ನು ಕಂಡು ಯಲ್ಲಮ್ಮನೇ ಮುಂದೆ ನಿಂತು ಉಳಿದ ಬಾಗಿಲುಗಳನ್ನು ತೆಗೆಸಿದಳು. ಪ್ರತಿ ಮನೆಗೂ ರಿಪೋರ್ಟ್ ಕಳಿಸುವುದಾಗಿ ಮುಖ್ಯಸ್ಥರು ಎಲ್ಲರೆದುರು ಹೇಳಿದರು. ರಕ್ತ ತುಂಬಿಕೊಂಡು ಜೀಪು ಹೋಯಿತು, ಮೈಕ್ರೋಸ್ಕೋಪೂ ಹೋಯಿತು. ರಿಪೋರ್ಟ್ ಬರಲಿಲ್ಲ. ಕೆಲ ಕಾಲದ ನಂತರ ಪೇಪರ್ ಮಾತ್ರ ಬಂತು. ಅದರಲ್ಲಿ ನಮ್ಮ ಜನ 'ಅನ್‌ಕೋಆಪರೇಟಿವ್'. ಓದಿದ ಸಿಟ್ಟು ಇನ್ನೂ ಆರಿಲ್ಲ.

ಶರಣಮ್ಮ ಗುಣವಾದ ಖುಷಿಗೆ ಯಲ್ಲಮ್ಮ ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ, ಕಳಿಸಿದ್ದಳು. ವರ್ಗವಾಗಿ ಹೊರಡುವ ಮೊದಲು ಡಬ್ಬಿಗೆ ಸಕ್ಕರೆ ತುಂಬಿ ನಾನೇ ಕೊಟ್ಟುಬರಲು ಹೋದೆ. ಮುಚ್ಚಳ ತೆಗೆದು ನೋಡಿದಳು.

"ನಂದು ಮುಟ್ಟಿತ್ರಿ ಬಾಯಾರ. ಉಳದವರದು?"

ಈಗ ಹಿಂದುಳಿದ ಪ್ರದೇಶಗಳ ಸಂಶೋಧನೆಯನ್ನು ಬಲಪಡಿಸುವ ಸೆಮಿನಾರುಗಳಿಗೆ ನನ್ನನ್ನು ಕರೆಯುತ್ತಾರೆ. ರಕ್ತ ತೆಗೆದ ಊರಲ್ಲೇ ಲ್ಯಾಬ್ ಇರಲಿ, ಅದನ್ನು ನೋಡಬಲ್ಲವರು ಅಲ್ಲೇ ತಯಾರಾಗಲಿ, ಉತ್ತರ ಮೊದಲು ಆ ಮನೆಗೆ ಮುಟ್ಟಲಿ ಎನ್ನುತ್ತೇನೆ. ತಲೆಯಾಡಿಸುತ್ತಾರೆ. ಕೊನೆಗೆ, ಯಾರದಾದರೂ ಪ್ರಶ್ನೆ ಇದೆಯೇ ಎಂದು ಕೇಳುತ್ತಾರೆ. ಕೈ ಎತ್ತುತ್ತೇನೆ. ಇಷ್ಟು ವರ್ಷವಾದರೂ ನನ್ನದು ಯಲ್ಲಮ್ಮನದೇ ಪ್ರಶ್ನೆ: ಉಳಿದವರದು?