ಕಂಬಳಿ ನುಂಗಿದ ಸದ್ದು

ಶಿವರಾತ್ರಿ ಮುಗಿದು ಬಿಸಿಲಿಗೆ ಬಲ ಬಂದ ದಿನಗಳು. ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ರಸ್ತೆಗೆ ಇನ್ನೂ ಪೂರ್ತಿ ಬೆಳಕು ಬಿದ್ದಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಸಾಲು ಹಿಡಿಯುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ರಸ್ತೆ ಬದಿಯ ಸೀಟ್ ಕವರ್ ಅಂಗಡಿಯ ಮುಂದೆ ಬಿಳಿ ಬಣ್ಣದ ಕ್ಯಾರವಾನ್ ಒಂದು ನಿಂತಿದೆ. ಒಳಗೆ ಮಂಚ, ಪುಟ್ಟ ಒಲೆ, ಕೈ ತೊಳೆಯುವ ಜಾಗ, ತಲೆಯ ಮೇಲೆ ಎಸಿ. ಗಾಲಿ ಹಚ್ಚಿದ ಮನೆ ಅಂದರೆ ಸರಿಹೋದೀತು.

ಮಂಚದ ಮೇಲೆ ಬರಿಗಾಲಲ್ಲಿ ನಿಂತಿರುವವರು ವೈಶಾಲಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಅಂಗೈಗಳನ್ನು ಚಾವಣಿಗೆ ಒತ್ತಿ, ಕಣ್ಣು ಮುಚ್ಚಿಕೊಂಡಿದ್ದಾರೆ.

"ಹಚ್ರಿ ಈಗ," ಅನ್ನುತ್ತಾರೆ. ಬಾಗಿಲ ಬಳಿ ನಿಂತ ಗಂಡ ಮಾಳು ಸ್ವಿಚ್ ಒತ್ತುತ್ತಾರೆ. ಮೇಲೆ ಎಸಿ ಮೈ ಮುರಿದು ಎದ್ದಂತೆ ಒಂದು ಸಣ್ಣ ಅದುರು.

"ಎಡಕ್ಕಿನ ಬೋಲ್ಟ ಇನ್ನೂ ಬಿಗಿ ಐತ್ರಿ. ಸ್ವಲ್ಪ ಸಡ್ಲ ಮಾಡ್ರಿ."

"ಬಿಚ್ಚಿ ಒಗೀಲೇನ?" ಮಾಳು ಕೇಳುತ್ತಾರೆ.

"ಸಡ್ಲ ಅಂದ್ನಿ. ಒಗಿ ಅಂದ್ನೇನು?"

ಮಾಳು ನಗುತ್ತ ಏಣಿ ಹತ್ತುತ್ತಾರೆ. ಅವರು ಗಾಡಿಗಳ ಎಸಿ ರಿಪೇರಿ ಮಾಡುವವರು. ವೈಶಾಲಿ ಸೀಟು ಹೊಲಿಯುವವರು. ಆದರೆ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಯಾರ ಗಾಡಿಯ ಎಸಿ ಗುಡುಗಿದರೂ ಅವರು ಹುಡುಕಿಕೊಂಡು ಬರುವುದು ವೈಶಾಲಿಯನ್ನು. "ತಂಪ ಮಾಡೂದು ನನ್ನ ಕೆಲಸ, ಸುಮ್ನ ಕುಂಡ್ರಸೂದು ಅಕಿ ಕೆಲಸ," ಎಂದು ಮಾಳು ಗಾಡಿಯ ಮೇಲಿಂದಲೇ ಕೂಗಿ ಹೇಳುತ್ತಾರೆ. "ಮನ್ಯಾಗ ನನ್ನ ಸುಮ್ನ ಕುಂಡ್ರಿಸಿ ಕುಂಡ್ರಿಸಿ ರೂಢಿ ಆಗೇತ್ರಿ ಅಕಿಗಿ."

ಇವತ್ತಿನ ಕೆಲಸಕ್ಕೆ ಮಧ್ಯಾಹ್ನದವರೆಗೆ ಮಾತ್ರ ಗಡುವು. ಮಧ್ಯಾಹ್ನ ಸಮೀರವಾಡಿಯಿಂದ ಅನ್ನವ್ವ ಬರುತ್ತಾರೆ. ಈ ಮಂಚದ ಮೇಲೆ ಎಸಿ ಹಚ್ಚಿಕೊಂಡು ಮಲಗುತ್ತಾರೆ. ಅವರಿಗೆ ನಿದ್ದೆ ಹತ್ತಿದರೆ ಗಾಡಿ ಗೋವಾದ ಸಮುದ್ರಕ್ಕೆ ಹೊರಡುತ್ತದೆ. ಹತ್ತದಿದ್ದರೆ ಮಾರಾಟಕ್ಕೆ ಹೋಗುತ್ತದೆ, ಕೊಳ್ಳುವವರು ಆಗಲೇ ಒಮ್ಮೆ ಬಂದು ಗಾಡಿಯ ಟೈರು ಒದ್ದು ನೋಡಿ ಹೋಗಿದ್ದಾರೆ.

ಅನ್ನವ್ವ ಆಯುಷ್ಯವೆಲ್ಲ ಕಬ್ಬು ಕಡಿದವರು. ಈಗ ಬೆನ್ನು ಕೇಳುವುದಿಲ್ಲ, ಹೆಚ್ಚು ಹೊತ್ತು ಕೂತರೆ ಕಾಲಿಗೆ ಜೋಮು ಹಿಡಿಯುತ್ತದೆ, ಬಿಸಿಲಿಗೆ ಉಸಿರು ಕಟ್ಟುತ್ತದೆ. ಮಗ ದುರಗೇಶ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ ಹಿಡಿದು ಮನೆ ಕಟ್ಟಿಸಿದ ಮೇಲೆ, ಇನ್ನೇನು ಬೇಕವ್ವಾ ಎಂದು ಕೇಳಿದ್ದರಂತೆ. ಸಮುದ್ರ ನೋಡಬೇಕು ಅಂದರಂತೆ ಅವ್ವ. ಬಸ್ಸಿನಲ್ಲಿ ಕೂರಲಾರದ ತಾಯಿಯನ್ನು ಮಲಗಿಸಿಕೊಂಡು ಹೋಗಲೆಂದೇ ದುರಗೇಶ ಯಾರೋ ಬಳಸಿ ಬಿಟ್ಟ ಈ ಗಾಡಿ ಕೊಂಡರು.

ಮೊದಲ ಸಲ ಹೊರಟವರು ಯರಗಟ್ಟಿಯಿಂದ ಹಿಂದಿರುಗಿದರು. ಮಧ್ಯಾಹ್ನ ಊಟ ಮಾಡಿ ಗಾಡಿ ನಿಲ್ಲಿಸಿ ಅವ್ವನನ್ನು ಮಲಗಿಸಿದ್ದಾರೆ. ಸ್ವಲ್ಪ ಹೊತ್ತಿಗೆ ಅವ್ವ ಇಳಿದು ಬಂದು ಬೇವಿನ ಗಿಡದ ಬುಡಕ್ಕೆ ಕೂತುಬಿಟ್ಟರು. ಏನು ಮಾಡಿದರೂ ಮತ್ತೆ ಒಳಗೆ ಹೋಗಲಿಲ್ಲ. ಎಸಿ ಬಂದ್ ಮಾಡಿದರೆ ಸೆಕೆ, ಹಚ್ಚಿದರೆ ಗುಡುಗು.

"ಫ್ಯಾಕ್ಟರಿ ಮಶೀನ ಸದ್ದಿನ ಬಾಜೂಕ ಮಲಗ್ತೀ, ಇದೇನ್ ದೊಡ್ಡದ ಬೇ ಯವ್ವಾ ಅಂದ್ನಿರಿ," ಎಂದು ದುರಗೇಶ ನೆನೆಯುತ್ತಾರೆ. "ಅದಕ್ಕ ಅವ್ವ, ಅದು ಒಂದ ಸಮ ಹೊಡ್ಕೋತೈತಿ, ಇದು ಸುಮ್ನಾಗತೈತಿ, ಮತ್ತ ಸುರು ಆಗತೈತಿ. ಸುಮ್ನಾದಾಗ, ಇನ್ನ ಯಾವಾಗ ಸುರು ಆಗತೈತೋ ಅಂತ ಕಾಯ್ಕೋತ ಬೀಳೂದು ಅಂದ್ಲು."

ಈ ಮಾತು ಕೇಳಿದ ಕೂಡಲೇ ವೈಶಾಲಿಗೆ ಅನ್ನವ್ವನ ಮೇಲೆ ಪ್ರೀತಿ ಬಂದಿತಂತೆ. "ನಾನೂ ಹಂಗ ಕೇಳಾಕಿರಿ," ಅನ್ನುತ್ತಾರೆ. "ಎಷ್ಟ ಜೋರ ಅನ್ನೂದಲ್ಲ, ಎಲ್ಲಿ ಜಗ್ಗತೈತಿ ಅನ್ನೂದು."

ಹೀಗೆ ಕೇಳುವುದನ್ನು ಅವರಿಗೆ ಯಾರೂ ಕಲಿಸಿಲ್ಲ. ಮದುವೆಯಾಗಿ ಬಂದಾಗ ಗಂಡನ ಗ್ಯಾರೇಜಿನ ಮೂಲೆಯಲ್ಲಿ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು ಟ್ರ್ಯಾಕ್ಟರ್ ಸೀಟು ಹೊಲಿಯಲು ಕೂತರು. ಹಿಪ್ಪರಗಿ ಕಡೆಯ ಡ್ರೈವರುಗಳು ಬಂದು, ಅಕ್ಕಾ, ಎಂಜಿನ್ ಸದ್ದಿಗೆ ಕಿವಿ ಗುಂಯ್ ಅಂತಾವ, ಬಾನೆಟ್ಟಿನ ಒಳಗೆ ಏನಾದರೂ ಹಚ್ಚಿಕೊಡು ಅಂದರು. ವೈಶಾಲಿ ಗೋಣಿಚೀಲ ಹಚ್ಚಿದರು, ಸ್ಪಂಜು ಹಚ್ಚಿದರು, ಒಮ್ಮೆ ಹಚ್ಚಿದ್ದು ಸುಟ್ಟು ಹೊಗೆಯೂ ಎದ್ದಿತು. "ಆ ಡ್ರೈವರ್ ಇವತ್ತಿಗೂ ನನ್ನ ಕಂಡ್ರ, ಅಕ್ಕಾ, ಬೆಂಕಿಪೆಟ್ಟಿಗಿ ಐತೇನ ಅಂತ ಕೇಳ್ತಾನ್ರಿ." ಈಗ ದಿನಕ್ಕೆ ಮೂರ್ನಾಲ್ಕು ಸೀಟು ಹೊಲಿಯುತ್ತಾರೆ, ನಡುವೆ ಯಾವುದಾದರೂ ಗಾಡಿಯ ಸದ್ದಿನ ಕೆಲಸ ಬಂದರೆ ಸೀಟುಗಳು ಕಾಯುತ್ತವೆ.

ಎಸಿ ಸದ್ದಿನ ಮೊದಲ ಗಿರಾಕಿ ಬನಹಟ್ಟಿಯ ಮಗ್ಗದ ಮಾಲಕ ಸಂಜಯ. ಸೀರೆ ತುಂಬಿಕೊಂಡು ಸಂತೆ ಸಂತೆ ತಿರುಗುವ, ಅದರಲ್ಲೇ ಮಲಗುವ ಗಾಡಿ ಅವರದು. ಹಗಲೆಲ್ಲ ಇಪ್ಪತ್ತು ಮಗ್ಗದ ನಡುವೆ ಇರುವ ಮನುಷ್ಯ ಎಸಿ ಸದ್ದು ತಡೆಯಲಾರೆ ಅಂದಾಗ ಮಾಳು ಬಿದ್ದು ಬಿದ್ದು ನಕ್ಕಿದ್ದರು. "ಮಗ್ಗದ ಸದ್ದು ದುಡೀತೈತ್ರಿ, ಇದು ಬರೇ ಒದರತೈತಿ," ಎಂದು ಸಂಜಯ ಉತ್ತರ ಕೊಟ್ಟರಂತೆ.

ದುರಗೇಶರ ಗಾಡಿಯಲ್ಲಿ ಸದ್ದಿಗೆ ಎರಡು ದಾರಿ ಇದ್ದವು. ಎಸಿ ಕೂರಿಸಿದವರು ಬೋಲ್ಟುಗಳನ್ನು ಎಷ್ಟು ಬಿಗಿದಿದ್ದರೆಂದರೆ, ನಡುವಿನ ರಬ್ಬರು ಹಪ್ಪಳದಂತೆ ಚಪ್ಪಟೆಯಾಗಿತ್ತು. ಯಂತ್ರದ ಅದುರು ನೇರವಾಗಿ ತಗಡಿಗೆ ಇಳಿದು ಚಾವಣಿಯೇ ಹಲಗೆ ವಾದ್ಯದಂತೆ ಬಡಿದುಕೊಳ್ಳುತ್ತಿತ್ತು. ಮಾಳು ಹೊಸ ರಬ್ಬರು ಹಾಕಿ ಹದವಾಗಿ ಬಿಗಿದರು. ಅರ್ಧ ಸದ್ದು ಅಲ್ಲಿಗೆ ಹೋಯಿತು. ಉಳಿದದ್ದು ಗಾಳಿಯ ಸದ್ದು. ಮಂಚದ ನೆತ್ತಿಯ ಮೇಲಿನ ಜಾಲರಿಯಿಂದ ಎಸಿ ಗಾಳಿ ಎಳೆದುಕೊಳ್ಳುವಾಗ ಒಳಗಿನ ಫ್ಯಾನಿನ ಅಬ್ಬರವೂ ಅದೇ ಜಾಲರಿಯಿಂದ ಕೆಳಗಿಳಿಯುತ್ತದೆ. ಅದಕ್ಕೆ ವೈಶಾಲಿಯ ಉಪಾಯ ಸರಳ: ಜಾಲರಿಯ ಕೆಳಗೆ ತೆಳು ಹಲಗೆಯ ಒಂದು ಪೆಟ್ಟಿಗೆ, ಗಾಳಿ ಪಕ್ಕದಿಂದ ನುಗ್ಗಿ ಎರಡು ತಿರುವು ದಾಟಿ ಮೇಲೆ ಹೋಗಬೇಕು. ತಿರುವಿನ ಗೋಡೆಗಳಿಗೆ ಮೆತ್ತನೆಯದೇನಾದರೂ ಹಚ್ಚಬೇಕು. ಗಾಳಿ ತಿರುಗಿ ಹೋಗುತ್ತದೆ, ಸದ್ದು ಗೋಡೆಗೆ ಸಿಕ್ಕಿಬೀಳುತ್ತದೆ.

ಆ ಮೆತ್ತನೆಯದು ಯಾವುದು ಅನ್ನುವಲ್ಲಿಯೇ ಈ ಮನೆಯ ಕಥೆ ಇರುವುದು. ಸ್ಪಂಜು ಎರಡು ಬೇಸಿಗೆಗೆ ಪುಡಿಯಾಗಿ ಉದುರುತ್ತದೆ. ಇವರದು ಬೀರೇಶ್ವರನ ಒಕ್ಕಲು, ಕುರಿ ಕಾಯ್ದುಕೊಂಡು ಬಂದ ಮನೆತನ. ಅತ್ತೆ ಸೋಮವ್ವ ಈಗಲೂ ಉಣ್ಣೆ ನೂಲುತ್ತಾರೆ, ಮನೆಯಲ್ಲೇ ಕಂಬಳಿ ನೇಯುತ್ತಾರೆ. ವೈಶಾಲಿ ಕಣ್ಣು ಹಾಕಿದ್ದು ಅತ್ತೆಯ ಹೊಸ ಕಂಬಳಿಯ ಮೇಲೆ.

"ಕತ್ರಿ ಹಿಡ್ಕೊಂಡ ಬಂದ್ಲರಿ ನನ್ನ ಸೊಸಿ," ಎಂದು ಸೋಮವ್ವ ಅಂಗಡಿಯ ಕಟ್ಟೆಯ ಮೇಲೆ ಕೂತು ನೂಲು ಎಳೆಯುತ್ತಲೇ ದೂರು ಹೇಳುತ್ತಾರೆ. "ಪೂಜಿಗೆ ಬೀರೇಶ್ವರ ಅಪ್ಪನ ಗದ್ದಿಗಿ ಹಾಕೂದು ಅದರ ಮ್ಯಾಲ. ಅದಕ್ಕ ಕತ್ರಿ ಹಚ್ಚತಾರೇನು?"

"ಹಂಗಾರ ಏನ್ ಮಾಡ್ಲಿ ಹೇಳ ಅತ್ತಿ ಅಂದ್ನಿ," ವೈಶಾಲಿ ಮುಂದುವರಿಸುತ್ತಾರೆ. "ಗದ್ದಿಗಿಗೆ ಹೆಂಗ ಮಡಚ್ತೇವಿ? ಹಂಗ ಮಡಚ ಅಂದ್ಲು."

ಹಾಗೆ ಮಡಚಿದರು. ಒಂದು ಇಡೀ ಕಂಬಳಿ, ಎಲ್ಲಿಯೂ ಕತ್ತರಿ ತಾಗದಂತೆ, ಮಡಿಕೆಯ ಮೇಲೆ ಮಡಿಕೆಯಾಗಿ ಪೆಟ್ಟಿಗೆಯ ಗೋಡೆಗಳಿಗೆ ಕೂತಿತು. ಮಡಚುವವರು ಅತ್ತೆ, ದಬ್ಬಣದಿಂದ ಹೊಲಿಯುವವರು ಸೊಸೆ. ಎಸಿ ಹಚ್ಚಿದರೆ ಸದ್ದು ದೂರದ ಹೊಲದಲ್ಲಿ ಪಂಪು ನಡೆದಷ್ಟು ಮಾತ್ರ. ಮೂವರೂ ಒಳಗೆ ಕೂತು ಚಹಾ ಕುಡಿದು ಖುಷಿಪಟ್ಟರು, ದುರಗೇಶರಿಗೆ ಫೋನ್ ಹೋಯಿತು.

ಮರುದಿನ ಅನ್ನವ್ವ ಬಂದು ಒಂದು ಕಾಲು ಒಳಗಿಟ್ಟವರೇ ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

"ಯವ್ವಾ! ಗಾಡ್ಯಾಗ ಕುರಿ ಕಟ್ಟೀರೇನ?"

ಗಾಡಿ ತುಂಬ ಕುರಿಹಟ್ಟಿಯ ವಾಸನೆ! ಹೊಸ ಕಂಬಳಿ ಬಿರುಸಾಗಿ ನಿಲ್ಲಲೆಂದು ಹುಣಸೆ ಬೀಜದ ಗಂಜಿ ಕುಡಿಸಿರುತ್ತಾರೆ. ಗಾಡಿಯೊಳಗಿನ ತೇವ ರಾತ್ರಿಯೆಲ್ಲ ಆ ಗಂಜಿಗೂ ಉಣ್ಣೆಯ ಜಿಡ್ಡಿಗೂ ಇಳಿದಿತ್ತು. ಇನ್ನೊಂದು ಮನೆಯವರಾಗಿದ್ದರೆ ಮೊದಲ ಉಸಿರಿಗೇ ತಿಳಿಯುತ್ತಿತ್ತು. ಹುಟ್ಟಿದಾಗಿನಿಂದ ಕಂಬಳಿ ಹೊದ್ದವರ ಮೂಗಿಗೆ ಅದು ವಾಸನೆಯೇ ಅಲ್ಲ.

"ನಮಗ ಅದು ಮನಿ ವಾಸನಿರಿ," ವೈಶಾಲಿ ಈಗ ನಗುತ್ತಾರೆ. "ಆವಾಗ ಮಾತ್ರ ನೆಲ ಬಾಯಿ ಬಿಡಬಾರದಾ ಅನಿಸಿತ್ತು."

ಅನ್ನವ್ವ ಮಗನಿಗೆ ಅಲ್ಲಿಯೇ ಹೇಳಿದರು: "ಲೇ ದುರಗ್ಯಾ, ಮಾರಿ ಬಿಡೊ ಇದನ್ನ. ಹೊಳಿ ದಂಡ್ಯಾಗ ಇದ್ದಾಕಿಗೆ ಸಮುದ್ರ ಯಾಕ ಬೇಕಾಗಿತ್ತು?" ಮಾತು ಬಿರುಸಿತ್ತು, ಆದರೆ ಹೋಗುವಾಗ ಬಾಗಿಲಿನಿಂದಲೇ ಕೈ ಚಾಚಿ ಮಂಚದ ಮೇಲಿನ ಹಾಸಿಗೆಯನ್ನು ಒಮ್ಮೆ ಸವರಿದ್ದನ್ನು ವೈಶಾಲಿ ಕಂಡರು. ಇನ್ನೊಂದು ಸಲ ನೋಡೋಣ ಎಂದು ದುರಗೇಶರಿಂದ ಮಾತು ಪಡೆದುಕೊಂಡರು.

ಕಂಬಳಿ ತೊಳೆಯಬೇಕು ಅಂದಾಗ ಸೋಮವ್ವ ಎರಡು ದಿನ ಸೊಸೆಯ ಕೂಡ ನೆಟ್ಟಗೆ ಮಾತಾಡಲಿಲ್ಲವಂತೆ. ಗಂಜಿ ಹೋದರೆ ಕಂಬಳಿ ಹಳೇ ಅರಿವೆಯ ಹಾಗೆ ಜೋಲು ಬೀಳುತ್ತದೆ ಅನ್ನುವುದು ಅವರ ಸಂಕಟ. ಮೂರನೆಯ ದಿನ ಅವರೇ ಎದ್ದು, "ನಳದ ನೀರಾಗ ತೊಳದೀ ಅಂದ್ರ ನೋಡ. ನಡಿ ಗಲಗಲಿಗೆ," ಅಂದರು. ಗಲಗಲಿ ಅವರ ತವರು. ಅತ್ತೆ ಸೊಸೆ ಇಬ್ಬರೂ ಕೃಷ್ಣೆಯ ನೀರಿಗಿಳಿದು, ಅಂಟವಾಳ ಕಾಯಿಯ ನೊರೆ ಹಚ್ಚಿ, ತುಳಿದು, ಜಾಲಾಡಿ, ಬಂಡೆಯ ಮೇಲೆ ಹರವಿ, ಬಿಸಿಲಿಗೆ ಒಣಗಿಸಿದರು. ಸೋಮವ್ವನ ತವರಿನವರು ಬಂದು, ಇಂಥ ಹೊಸ ಕಂಬಳಿ ಯಾಕೆ ಹಾಳು ಮಾಡುತ್ತೀರಿ ಎಂದು ಕೇಳಿದರೆ, "ನನ್ನ ಸೊಸಿ ಸದ್ದ ಹಿಡ್ಯಾಕಿ ಅದಾಳ, ನಿಮಗೇನ ತಿಳೀತೈತಿ," ಎಂದು ಅದೇ ಸೋಮವ್ವ ಗದರಿದರಂತೆ.

ಗಂಜಿ ಬಿಟ್ಟ ಕಂಬಳಿ ಜೋಲು ಬಿದ್ದದ್ದು ನಿಜ. ಆದರೆ ಮೆತ್ತಗಾದ ಉಣ್ಣೆ ಮೊದಲಿಗಿಂತ ಹೆಚ್ಚು ಸದ್ದು ನುಂಗುತ್ತದೆ ಎಂಬುದು ಮತ್ತೆ ಪೆಟ್ಟಿಗೆಗೆ ಹೊಲಿದು ಎಸಿ ಹಚ್ಚಿದಾಗ ಗೊತ್ತಾಯಿತು. ಅದಕ್ಕೇ ಈ ಬೆಳಗಿನ ಕೊನೆಯ ಪರೀಕ್ಷೆ. ಜಾಲರಿಯ ಬಳಿ ಒಂದು ನೂಲಿನ ಎಳೆ ಹಿಡಿದು ಗಾಳಿ ಸರಾಗವಾಗಿ ಎಳೆಯುತ್ತಿದೆಯೋ ಇಲ್ಲವೋ ನೋಡುತ್ತಾರೆ. ಜೋತ ಕಂಬಳಿ ಗಾಳಿಯ ದಾರಿ ಕಟ್ಟಿದರೆ ಒಳಗೆ ಮಂಜುಗಡ್ಡೆ ಕಟ್ಟಿ ನೀರು ಸುರಿಯುತ್ತದಂತೆ. ನೂಲು ನೆಟ್ಟಗೆ ಒಳಕ್ಕೆ ವಾಲುತ್ತದೆ. ಈ ಸಲ ಮೂಗಿನ ಪರೀಕ್ಷೆಗೆ ಮನೆಯವರನ್ನು ಬಿಟ್ಟು ಪಕ್ಕದ ಚಹಾ ಅಂಗಡಿಯ ಗೌರೀಶನನ್ನು ಕರೆದಿದ್ದಾರೆ. ಅವನು ನಾಲ್ಕು ಸಲ ಉಸಿರೆಳೆದು, "ಏನೂ ಇಲ್ರಿ ವೈನಿ, ನನ್ನ ಚಹಾದ್ದ ವಾಸನಿ ಅಷ್ಟ," ಎಂದು ಪಾಸು ಮಾಡುತ್ತಾನೆ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಮಗನ ತೋಳು ಹಿಡಿದು ಅನ್ನವ್ವ ಬರುತ್ತಾರೆ. ಬಾಗಿಲಲ್ಲಿ ನಿಂತು ಮೊದಲು ಮೂಸಿ ನೋಡುತ್ತಾರೆ. ಕಟ್ಟೆಯ ಮೇಲಿನ ಸೋಮವ್ವ ನೂಲುವ ಕದಿರು ನಿಲ್ಲಿಸಿ ಕಾಯುತ್ತಾರೆ.

"ಕುರಿ ಎಲ್ಲಿ ಹ್ವಾದವು ಬೇ ಸೋಮವ್ವಾ?"

"ಮೇಯಾಕ ಹ್ವಾದವು. ನೀ ಮಲಕೋ ಹೋಗ."

ಬಾಗಿಲು ಮುಚ್ಚುತ್ತದೆ. ಮಾಳು ಎಸಿ ಹಚ್ಚುತ್ತಾರೆ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಒಂದು ಹಾಡು ಒದರಿಸುತ್ತ ಬಂದಾಗ ವೈಶಾಲಿ ಅದರ ಕಡೆ ಎಂಥ ನೋಟ ಬೀರುತ್ತಾರೆಂದರೆ, ಡ್ರೈವರು ತಾನಾಗಿಯೇ ಹಾಡು ಸಣ್ಣಗೆ ಮಾಡಿಕೊಂಡು ದಾಟುತ್ತಾನೆ. ದುರಗೇಶ ಫೋನ್ ತೆಗೆದು ನೋಡಿ ಮತ್ತೆ ಜೇಬಿಗಿಡುತ್ತಾರೆ. ಎಸಿ ಒಮ್ಮೆ ಸುಮ್ಮನಾಗುತ್ತದೆ. ಯರಗಟ್ಟಿಯಲ್ಲಿ ಅವ್ವ ಎದ್ದು ಬಂದದ್ದು ಇಂಥದೇ ಹೊತ್ತಿನಲ್ಲಿ. ಮತ್ತೆ ಸುರುವಾಗುತ್ತದೆ. ಬಾಗಿಲು ತೆರೆಯುವುದಿಲ್ಲ.

ಎಸಿ ಇನ್ನೆರಡು ಸಲ ನಿಂತು ಸುರುವಾದ ಮೇಲೆ ದುರಗೇಶರಿಗೆ ತಡೆಯಲಾಗುವುದಿಲ್ಲ. ಚಪ್ಪಲಿ ಬಿಟ್ಟು, ಬಾಗಿಲು ಅಷ್ಟೇ ಅಷ್ಟು ಸರಿಸಿ ಕಿವಿಗೊಡುತ್ತಾರೆ. ಹಿಂದೆಯೇ ವೈಶಾಲಿ. ಒಳಗಿನಿಂದ ಗುರ್ರ್ ಎಂದು ದೊಡ್ಡ ಸದ್ದು. ವೈಶಾಲಿ ಮೆಟ್ಟಿಲು ಹತ್ತುತ್ತಾರೆ, ಕೈ ತಾನಾಗಿ ಒಳಗಿನ ಚಾವಣಿಗೆ ಏರುತ್ತದೆ. ಅಂಗೈಗೆ ಅದುರು ಸಿಗುವುದಿಲ್ಲ. ತಗಡು ತಣ್ಣಗೆ, ಅಲುಗದೆ ಇದೆ.

ಅದು ಅನ್ನವ್ವನ ಗೊರಕೆ. ಅಂಗಾತ ಮಲಗಿ, ಬಾಯಿ ಅರೆ ತೆರೆದು, ಒಂದು ಕೈ ಮಂಚದಿಂದ ಕೆಳಗೆ ಇಳಿಬಿಟ್ಟು ಮಲಗಿಬಿಟ್ಟಿದ್ದಾರೆ ಅವ್ವ.

ದುರಗೇಶ ಬಾಗಿಲು ಮೆಲ್ಲಗೆ ಎಳೆದುಕೊಂಡು ಹೊರಗೆ ಬಂದು ಕಣ್ಣು ಒರೆಸಿಕೊಳ್ಳುತ್ತಾರೆ. ನಗುವೋ ಅಳುವೋ ಹೇಳುವುದು ಕಷ್ಟ.

"ಅಕ್ಕಾರ, ಈ ಸದ್ದಿಗೆ ಏನರ ಮಾಡಾಕ ಬರತೈತೇನ್ರಿ?"

ವೈಶಾಲಿ ಸೊಂಟದ ಸೆರಗು ಬಿಚ್ಚಿ ಮುಖ ಒರೆಸಿಕೊಳ್ಳುತ್ತಾರೆ, ಅರ್ಧ ಹೊಲಿದ ಟ್ರ್ಯಾಕ್ಟರ್ ಸೀಟಿನ ಮುಂದೆ ಹೋಗಿ ಕೂರುತ್ತಾರೆ.

"ಅದಕ್ಕ ನಾ ಕೈ ಹಚ್ಚೂದಿಲ್ರಿ ಅಣ್ಣಾರ. ಅದ ಕೇಳ್ಲಿ ಅಂತನ ಇಷ್ಟೆಲ್ಲಾ ಮಾಡಿದ್ದು."

ಹೊಲಿಗೆ ಯಂತ್ರದ ಪೆಡಲಿಗೆ ಕಾಲಿಟ್ಟವರು, ಗಾಡಿಯ ಕಡೆ ಒಮ್ಮೆ ನೋಡಿ, ಕಾಲು ತೆಗೆಯುತ್ತಾರೆ. ಅನ್ನವ್ವ ಏಳುವವರೆಗೆ ಸೀಟು ಕಾಯುತ್ತದೆ.